ಶಾಸನ, ಐತಿಹ್ಯ ಮತ್ತು ಪಾಶ್ಚಾತ್ಯ ವಿಚಾರಗಳು: ಬೇಲೂರು, ಹಳೇಬೀಡು, ಅರಸೀಕೆರೆಗಳ ನೆಲೆಯಲ್ಲಿ ಒಂದು ವಿಮರ್ಶೆ

ವಿಶ್ವವಿದ್ಯಾನಿಲಯದ ಪ್ರಥಮ ವರ್ಷದ ವಿದ್ಯಾರ್ಥಿಗೆ ಪಾಶ್ಚಾತ್ಯ ಚರಿತ್ರೆಯ ಪ್ರಭಾವಶಾಲಿ ವಿಚಾರಗಳು ಸಾಮಾನ್ಯವಾಗಿ ಸಿದ್ಧ ನಿರ್ಣಯಗಳ ರೂಪದಲ್ಲಿಯೇ ಪರಿಚಯವಾಗುತ್ತವೆ. ಪುನರುಜ್ಜೀವನವೆಂದರೆ ವ್ಯಕ್ತಿಯ ಉದಯ, ಜ್ಞಾನೋದಯವೆಂದರೆ ವಿವೇಕದ ಆಳ್ವಿಕೆ, ರಮ್ಯಪಂಥವೆಂದರೆ ಭಾವದ ಬಿಡುಗಡೆ ಎಂದು ಒಂದೊಂದಕ್ಕೆ ಒಂದೊಂದು ವಾಕ್ಯ ಟಿಪ್ಪಣಿ ಪುಸ್ತಕವನ್ನು ಸೇರುತ್ತದೆ. ಆ ವಿಚಾರಗಳು ಯಾರೊಡನೆ ವಾದ ಹೂಡಿ ಹುಟ್ಟಿದವು, ಒಂದನ್ನೊಂದು ಹೇಗೆ ಅಲ್ಲಗಳೆದವು ಎಂಬುದು ತರಗತಿಯ ಹೊರಗೇ ಉಳಿಯುತ್ತದೆ. ಹಾಸನ ಜಿಲ್ಲೆಯ ವಿದ್ಯಾರ್ಥಿಯ ಮಟ್ಟಿಗೆ ಇದು ಇನ್ನೂ ದೊಡ್ಡ ನಷ್ಟ. ಏಕೆಂದರೆ ಈ ವಿಚಾರಗಳಲ್ಲಿ ಹಲವು ಅವನ ಊರಿನ ಕಲ್ಲುಗಳ ಮೇಲೆಯೇ ಪ್ರಯೋಗಗೊಂಡಿವೆ.

ಚರಿತ್ರೆಯ ತರಗತಿಯಲ್ಲಿ ಜರ್ಮನಿಯ ರಾಂಕೆಯ ಹೆಸರು ಬರುತ್ತದೆ. ಸಮಕಾಲೀನ ದಾಖಲೆಯನ್ನು ಪರಿಶೀಲಿಸದೆ ಗತಕಾಲದ ಬಗೆಗೆ ಏನನ್ನೂ ಹೇಳಬಾರದೆಂಬ ಶಿಸ್ತನ್ನು ಅವನು 1824ರ ತನ್ನ ಕೃತಿಯಲ್ಲಿ ಮುಂದಿಟ್ಟನು. ಜಾನಪದದ ತರಗತಿಯಲ್ಲಿ ಹರ್ಡರ್ ಬರುತ್ತಾನೆ. 1778-79ರಲ್ಲಿ ಜನಪದ ಗೀತೆಗಳ ಸಂಕಲನವನ್ನು ಪ್ರಕಟಿಸಿದ ಅವನಿಗೆ ಜನರ ಹಾಡು ಜನಾಂಗದ ಅಂತರಂಗವೇ ಆಗಿತ್ತು. ಗ್ರಿಮ್ ಸಹೋದರರ 1812ರ ಕಥಾಸಂಗ್ರಹ ಇದೇ ದಾರಿಯಲ್ಲಿ ಸಾಗಿತು. ಒಂದು ವಿಚಾರ ಬಾಯಿಮಾತನ್ನು ಸಂಶಯದಿಂದ ನೋಡುತ್ತದೆ, ಇನ್ನೊಂದು ಅದನ್ನೇ ಪರಮಪ್ರಮಾಣವಾಗಿ ಎತ್ತಿಹಿಡಿಯುತ್ತದೆ. ಎರಡನ್ನೂ ಒಂದೇ ವರ್ಷ, ಬೇರೆ ಬೇರೆ ಪತ್ರಿಕೆಗಳಲ್ಲಿ ಓದುವ ವಿದ್ಯಾರ್ಥಿಗೆ ಇವುಗಳ ನಡುವಣ ವಿರೋಧ ಕಾಣದೆ ಹೋಗುವುದು ಆಶ್ಚರ್ಯವಲ್ಲ. ಆ ವಿರೋಧವನ್ನು ಕಣ್ಣಾರೆ ಕಾಣಬಹುದಾದ ಸ್ಥಳ ಬೇಲೂರು.

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದನು. ಅದೇ ಆವರಣದ ಕಪ್ಪೆ ಚೆನ್ನಿಗರಾಯನ ಗುಡಿ ರಾಣಿ ಶಾಂತಲದೇವಿ ಕಟ್ಟಿಸಿದ್ದು. ಐತಿಹ್ಯದ ಪ್ರಕಾರ ಇದನ್ನೆಲ್ಲ ಕಡೆದವನು ಜಕಣಾಚಾರಿ. ವಿಗ್ರಹದಲ್ಲಿ ದೋಷವಿದೆಯೆಂದು ಎಳೆಯ ಶಿಲ್ಪಿಯೊಬ್ಬ ಹೇಳುತ್ತಾನೆ. ಲೇಪಿಸಿದ ಗಂಧ ಹೊಕ್ಕುಳ ಬಳಿ ಒಂದೆಡೆ ಒಣಗದೆ ಉಳಿಯುತ್ತದೆ. ಅಲ್ಲಿ ಉಳಿಯಿಟ್ಟಾಗ ಕಲ್ಲೊಳಗಿನಿಂದ ಕಪ್ಪೆ ಹೊರಬರುತ್ತದೆ. ಆಡಿದ ಮಾತಿನಂತೆ ಜಕಣಾಚಾರಿ ತನ್ನ ಬಲಗೈಯನ್ನೇ ಕಡಿದುಕೊಳ್ಳುತ್ತಾನೆ. ಆ ಹುಡುಗ ತನ್ನ ಮಗ ಡಂಕಣನೆಂಬುದು ಆಮೇಲೆ ತಿಳಿಯುತ್ತದೆ. ತುಮಕೂರು ಬಳಿಯ ಕೈದಾಳದಲ್ಲಿ ಅವನಿಗೆ ಕೈ ಮರಳಿ ಬಂದಿತೆಂದು ಐತಿಹ್ಯವು ಊರಿನ ಹೆಸರಿಗೂ ಅರ್ಥ ಹೇಳುತ್ತದೆ.

ಶಾಸನಗಳ ಸಾಕ್ಷ್ಯ ಬೇರೆ. ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹಾಸನ ಸಂಪುಟ 1902ರಲ್ಲಿ ಹೊರಬಂದಿತು, ಆರ್. ನರಸಿಂಹಾಚಾರ್ಯರು ಬೇಲೂರು ದೇವಾಲಯವನ್ನು ಕುರಿತ ಗ್ರಂಥವನ್ನು 1919ರಲ್ಲಿ ಪ್ರಕಟಿಸಿದರು. ವಿಗ್ರಹಗಳ ಪೀಠಗಳಲ್ಲಿ ಶಿಲ್ಪಿಗಳ ಹೆಸರುಗಳು ದೊರೆಯುತ್ತವೆ, ಆದರೆ ಜಕಣಾಚಾರಿಯ ಹೆಸರಿಲ್ಲ. ದಕ್ಷಿಣಾಚಾರ್ಯ ಎಂಬುದೇ ಜನರ ಬಾಯಲ್ಲಿ ಜಕಣಾಚಾರಿ ಆಯಿತೆಂಬ ಅಭಿಪ್ರಾಯವೂ ಬಂದಿದೆ. ಇಷ್ಟರಿಂದ ಐತಿಹ್ಯ ಸುಳ್ಳೆಂದು ವಿದ್ಯಾರ್ಥಿ ಬರೆದರೆ ಅವನಿಗೆ ಅಂಕ ದೊರೆಯುತ್ತದೆ. ಅತ್ತ 1964ರ 'ಅಮರಶಿಲ್ಪಿ ಜಕಣಾಚಾರಿ' ಚಲನಚಿತ್ರವೂ ಸರ್ಕಾರ ಶಿಲ್ಪಿಗಳಿಗೆ ನೀಡುವ ಪ್ರಶಸ್ತಿಯೂ ಅದೇ ಹೆಸರನ್ನು ಮೆರೆಸುತ್ತವೆ. ತನ್ನ ಅಜ್ಜಿ ಹೇಳಿದ ಕಥೆಯನ್ನು ತರಗತಿಯ ಬಾಗಿಲಲ್ಲಿ ಬಿಟ್ಟು ಬರಬೇಕೆ ಎಂಬ ಪ್ರಶ್ನೆಗೆ ಮಾತ್ರ ಯಾವ ಪಠ್ಯವೂ ಉತ್ತರಿಸುವುದಿಲ್ಲ.

ಉತ್ತರದ ಎಳೆ ಪೀಠಲೇಖಗಳಲ್ಲಿಯೇ ಇದೆ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಇಬ್ಬರೂ ಬೇಲೂರಿನಲ್ಲಿ ಕೆಲಸ ಮಾಡಿ ಹೆಸರು ಬಿಟ್ಟಿದ್ದಾರೆ. ಎದುರಾಳಿ ಶಿಲ್ಪಿಗಳನ್ನು ಮೀರಿಸಿದವರೆಂಬ ಬಿರುದುಗಳನ್ನು ಇಲ್ಲಿನ ಶಿಲ್ಪಿಗಳು ಕಲ್ಲಿನಲ್ಲಿ ಕೊರೆದುಕೊಂಡಿದ್ದಾರೆ. ಎಂದರೆ ತಂದೆಮಕ್ಕಳ ಪರಂಪರೆ, ಶಿಲ್ಪಿಗಳ ನಡುವಣ ಸ್ಪರ್ಧೆ ಎರಡೂ ಚಾರಿತ್ರಿಕ ಸಂಗತಿಗಳು. ಐತಿಹ್ಯವು ವ್ಯಕ್ತಿಯ ಹೆಸರಿನಲ್ಲಿ ಶಾಸನದಿಂದ ದೂರ ಸರಿದರೂ ಕಸುಬಿನ ಬಾಳನ್ನು ಕುರಿತು ಅದರ ಸಮೀಪದಲ್ಲಿಯೇ ನಿಂತಿದೆ.

ಇದೇ ಆಶಯ ಬೇರೆಡೆಗಳಲ್ಲಿಯೂ ಉಂಟು. ಸ್ಕಾಟ್ಲೆಂಡಿನ ರಾಸ್ಲಿನ್ ಚರ್ಚಿನ ಕಂಬವೊಂದನ್ನು ಕುರಿತ ಕಥೆಯಲ್ಲಿ ಗುರು ಅಸೂಯೆಯಿಂದ ಶಿಷ್ಯನನ್ನು ಕೊಲ್ಲುತ್ತಾನೆ. ಕೇರಳದ ಪೆರುಂತಚ್ಚನ ಉಳಿ ಮಗನ ಪ್ರಾಣ ತೆಗೆಯುತ್ತದೆ. ತುಳುನಾಡಿನ ಕಲ್ಕುಡನ ಪಾಡ್ದನದಲ್ಲಿ ಮಗ ದೋಷ ತೋರಿದಾಗ ತಂದೆ ಪ್ರಾಣ ಬಿಡುತ್ತಾನೆ. ಕಾರ್ಕಳದ ಗೊಮ್ಮಟನನ್ನು ಕಡೆದ ಮಗನ ಕೈಕಾಲುಗಳನ್ನು ಅರಸನೇ ಕಡಿಸುತ್ತಾನೆ. ಪ್ರಾಪ್‌ನು 1928ರಲ್ಲಿ ರಷ್ಯಾದ ಅದ್ಭುತ ಕಥೆಗಳಿಗಾಗಿ ರೂಪಿಸಿದ ಮೂವತ್ತೊಂದು ಕ್ರಿಯೆಗಳ ಪಟ್ಟಿಯನ್ನು ಇಂತಹ ಐತಿಹ್ಯಗಳ ಮೇಲೆ ಯಾಂತ್ರಿಕವಾಗಿ ಹೊರಿಸುವ ಅಭ್ಯಾಸ ನಮ್ಮ ಸಂಪ್ರಬಂಧಗಳಲ್ಲಿದೆ. ಅದರಿಂದ ದೊರೆಯುವುದು ಹೆಚ್ಚೆಂದರೆ ಸಾಮ್ಯ. ಕತ್ತಿ ಯಾರ ಕೈಯಲ್ಲಿದೆ ಎಂಬುದೇ ಇಲ್ಲಿ ಅರ್ಥಪೂರ್ಣವಾದ ವ್ಯತ್ಯಾಸ. ಕಾರ್ಕಳದ ಕಥೆ ಪ್ರಭುತ್ವವನ್ನು ನೇರವಾಗಿ ದೂರುತ್ತದೆ. ಬೇಲೂರಿನ ಕಥೆ ಶಿಲ್ಪಿಯಿಂದಲೇ ಶಿಲ್ಪಿಯನ್ನು ದಂಡಿಸುತ್ತದೆ, ಆದರೆ ಮಗನನ್ನು ಉಳಿಸಿಕೊಳ್ಳುತ್ತದೆ.

ಹಳೇಬೀಡಿನಲ್ಲಿ ಎದುರಾಗುವುದು ಮತ್ತೊಂದು ವಿಚಾರ. ಜೇಮ್ಸ್ ಫರ್ಗುಸನ್ 1876ರ ತನ್ನ ವಾಸ್ತುಚರಿತ್ರೆಯಲ್ಲಿ ಹೊಯ್ಸಳೇಶ್ವರವನ್ನು ಅಥೆನ್ಸಿನ ಪಾರ್ಥೆನಾನ್ ದೇಗುಲದ ಜೊತೆಗಿಟ್ಟು ಎರಡನ್ನೂ ವಾಸ್ತುಕಲೆಯ ಎರಡು ತುದಿಗಳೆಂದು ಕಂಡನು. ಗ್ರೀಕರದು ಬುದ್ಧಿಯ ಶುದ್ಧಿ, ಹಳೇಬೀಡಿನದು ಭಾವದ ಸಮೃದ್ಧಿ ಎಂಬುದು ಅವನ ಹೋಲಿಕೆಯ ತಿರುಳು. ಇದನ್ನು ಹೊಗಳಿಕೆಯೆಂದು ಉದ್ಧರಿಸುವವರು, 1764ರಲ್ಲಿ ವಿಂಕೆಲ್‌ಮನ್ ಗ್ರೀಕ್ ಕಲೆಯನ್ನು ಆದರ್ಶವಾಗಿ ನೆಲೆಗೊಳಿಸಿದ ಪರಂಪರೆ ಇದರ ಹಿಂದಿದೆ ಎಂಬುದನ್ನು ಗಮನಿಸುವುದಿಲ್ಲ. ನಕ್ಷತ್ರಾಕಾರದ ತಳವಿನ್ಯಾಸ, ಕೆಳಗೆ ಆನೆಗಳಿಂದ ಮೊದಲಾಗಿ ಮೇಲೆ ಹಂಸಗಳವರೆಗೆ ಕ್ರಮ ತಪ್ಪದೆ ಸಾಗುವ ಪಟ್ಟಿಕೆಗಳು, ಬಳಪದ ಕಲ್ಲಿನ ಗುಣವನ್ನು ಅರಿತು ಮಾಡಿದ ಕೆತ್ತನೆ ಇವೆಲ್ಲ ಲೆಕ್ಕಾಚಾರದ ಫಲ. ಬುದ್ಧಿಯನ್ನು ಒಂದು ನಾಡಿಗೂ ಭಾವವನ್ನು ಇನ್ನೊಂದು ನಾಡಿಗೂ ಹಂಚಿಕೊಡುವ ಹೋಲಿಕೆ ಈ ಗೋಡೆಯ ಮುಂದೆ ನಿಲ್ಲುವುದಿಲ್ಲ.

ಈ ಎರಡು ಊರುಗಳಿಗೆ ಸಿಕ್ಕ ಪ್ರಸಿದ್ಧಿ ಅರಸೀಕೆರೆಗೆ ಸಿಕ್ಕಿಲ್ಲ. 1220ರ ಸುಮಾರಿನ ಅಲ್ಲಿಯ ಈಶ್ವರ ದೇವಾಲಯದ ನಕ್ಷತ್ರಾಕಾರದ ತೆರೆದ ಮಂಟಪ ಹೊಯ್ಸಳ ವಾಸ್ತುವಿನಲ್ಲಿ ಅಪರೂಪದ್ದು. ಆದರೂ 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು ಬೇಲೂರು, ಹಳೇಬೀಡು ಮತ್ತು ಸೋಮನಾಥಪುರ. ಸ್ಮಾರಕವೆಂಬುದು ತಾನಾಗಿ ಇರುವ ವಸ್ತುವಲ್ಲ, ಪ್ರತಿ ಕಾಲವೂ ತನ್ನ ಮೌಲ್ಯಗಳಿಗೆ ತಕ್ಕಂತೆ ಅದನ್ನು ಗುರುತಿಸುತ್ತದೆ ಎಂದು ವಿಯೆನ್ನಾದ ರೀಗ್ಲ್ 1903ರಲ್ಲಿಯೇ ವಿವೇಚಿಸಿದ್ದನು. ಈ ವಿಚಾರ ವಿದ್ಯಾರ್ಥಿಗೆ ನಿಜವಾಗಿ ಉಪಕಾರಿ. ರೈಲು ಜಂಕ್ಷನ್ನಿನಲ್ಲಿ ಇಳಿದವರು ಸಾಮಾನ್ಯವಾಗಿ ನಿಲ್ಲದೆ ಮುಂದೆ ಹೋಗುವ ಈ ಊರಿನ ಹೆಸರೇ ಅರಸಿಯ ಕೆರೆಯನ್ನು ನೆನಪಿಟ್ಟಿದೆ. ಪಟ್ಟಿಯ ಹೊರಗಿನ ಆ ಸ್ಮೃತಿಯನ್ನು ಕೇಳಿ ದಾಖಲಿಸುವುದು ಜಾನಪದ ವಿದ್ಯಾರ್ಥಿಯ ಕೆಲಸ.

ಪಾಶ್ಚಾತ್ಯ ವಿಚಾರಗಳನ್ನು ಪಠ್ಯದಿಂದ ಕೈಬಿಡಬೇಕೆಂಬುದು ಈ ವಿವೇಚನೆಯ ಫಲಿತವಲ್ಲ. ಶಾಸನವನ್ನು ಓದುವ ಶಿಸ್ತಿಲ್ಲದಿದ್ದರೆ ದಾಸೋಜ, ಚಾವಣರು ನಮಗೆ ದೊರೆಯುತ್ತಿರಲಿಲ್ಲ. ಬಾಯಿಮಾತಿಗೆ ಬೆಲೆ ಕೊಡುವ ದೃಷ್ಟಿಯಿಲ್ಲದಿದ್ದರೆ ಡಂಕಣನ ಕಥೆ ಅಧ್ಯಯನದ ವಸ್ತುವೇ ಆಗುತ್ತಿರಲಿಲ್ಲ. ಆದರೆ ಪ್ರತಿಯೊಂದು ವಿಚಾರವನ್ನೂ ಅದರ ವಾದಪ್ರತಿವಾದಗಳ ಸಮೇತ ಕಲಿಸಿ, ಪರಿಚಿತ ನೆಲದಲ್ಲಿ ಪರೀಕ್ಷಿಸುವ ಅವಕಾಶವನ್ನು ಮೊದಲ ವರ್ಷದಲ್ಲಿಯೇ ಒದಗಿಸಬೇಕಾಗಿದೆ. ಪೀಠಲೇಖವನ್ನು ಪ್ರತಿಮಾಡಿಕೊಂಡ ವಿದ್ಯಾರ್ಥಿ ಅದೇ ದಿನ ಊರಿನ ಹಿರಿಯರಿಂದ ಕಪ್ಪೆಯ ಕಥೆಯನ್ನೂ ಬರೆದುಕೊಂಡು ಬಂದು ಎರಡನ್ನೂ ತರಗತಿಯ ಮುಂದಿಟ್ಟರೆ, ರಾಂಕೆ ಮತ್ತು ಹರ್ಡರ್ ನಡುವಣ ಚರ್ಚೆ ಅವನಿಗೆ ಕಂಠಪಾಠ ಮಾಡಬೇಕಾದ ವಿಷಯವಾಗಿ ಉಳಿಯುವುದಿಲ್ಲ.