ಕಟಕಟೆಯ ವಾಙ್ಮಯ

ಕೊಲೆಯ ವೃತ್ತಾಂತಗಳಲ್ಲಿ ಅಭಿರುಚಿಯುಳ್ಳವರಲ್ಲಿ ಎರಡು ಪಂಗಡಗಳುಂಟು. ಕೊಂದವನ ಅಂತರಂಗವನ್ನು ಬಗೆದು ತೋರುವೆವೆನ್ನುವ ಗ್ರಂಥಗಳನ್ನು ಅರಸುವವರು ಕೆಲವರಾದರೆ, ನ್ಯಾಯಸ್ಥಾನದಲ್ಲಿ ನಡೆದ ಸವಾಲು ಜವಾಬುಗಳನ್ನು ನಡೆದಂತೆಯೇ ಅಚ್ಚು ಮಾಡಿದ ಸಂಪುಟಗಳನ್ನು ಅರಸುವವರು ಮತ್ತೆ ಕೆಲವರು. ನಾನು ಎರಡನೆಯ ಪಂಗಡದವನು. 1905ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಹಾಜ್ ಸಂಸ್ಥೆಯವರು ಆರಂಭಿಸಿದ, ಮುಂದೆ ‘ನೋಟಬಲ್ ಬ್ರಿಟಿಷ್ ಟ್ರಯಲ್ಸ್’ ಎಂದು ಹೆಸರಾದ ಮಾಲೆಯೇ ಈ ಪಂಗಡದ ಆಕರ. ಸಂಪಾದಕರ ಪೀಠಿಕೆ, ಸಾಕ್ಷಿಗಳ ಹೇಳಿಕೆ, ಪಾಟೀಸವಾಲು, ವಕೀಲರ ವಾದ, ನ್ಯಾಯಾಧೀಶರ ಉಪದೇಶ, ಕಡೆಗೆ ತೀರ್ಪು, ಇದು ಅದರ ಕ್ರಮ.

ಆ ಸಂಪಾದಕರಲ್ಲಿ ಅಗ್ರಗಣ್ಯನಾದ ವಿಲಿಯಂ ರಫ್‌ಹೆಡ್ಡನು ವೃತ್ತಿಯಿಂದ ಎಡಿನ್‌ಬರೋದ ವಕೀಲ. ಅಲ್ಲಿಯ ದೊಡ್ಡ ಕೊಲೆ ಮೊಕದ್ದಮೆಗಳನ್ನು ದಶಕಗಳ ಕಾಲ ಕಣ್ಣಾರೆ ಕಂಡು ಬರೆದ ಈತನು 1910ರಲ್ಲಿ ಹೊರತಂದ ಆಸ್ಕರ್ ಸ್ಲೇಟರನ ವಿಚಾರಣೆಯ ಸಂಪುಟವನ್ನು ರಸಿಕರು ಮೊದಲಿಗೆ ಓದಬೇಕು.

1908ರ ಡಿಸೆಂಬರ್ 21ರ ಸಂಜೆ ಗ್ಲಾಸ್ಗೋ ನಗರದಲ್ಲಿ, ಮನೆಗೆಲಸದವಳು ಪತ್ರಿಕೆ ಕೊಳ್ಳಲೆಂದು ಹೊರಗೆ ಹೋಗಿದ್ದ ಕೆಲವೇ ನಿಮಿಷಗಳಲ್ಲಿ, ಮರಿಯನ್ ಗಿಲ್‌ಕ್ರಿಸ್ಟ್ ಎಂಬ ಎಂಬತ್ತು ದಾಟಿದ ಧನಿಕ ವೃದ್ಧೆ ಹತಳಾದಳು. ಹಂತಕನು ಹಿಂದಿರುಗಿದ ಸೇವಕಿಯನ್ನೂ ಬಾಗಿಲಲ್ಲಿದ್ದ ನೆರೆಯವನನ್ನೂ ದಾಟಿಕೊಂಡು ನೆಟ್ಟಗೆ ಹೊರಟುಹೋದನು. ವಜ್ರದ ಪದಕವೊಂದು ಕಾಣೆಯಾಗಿತ್ತು. ಜೂಜು, ಒಡವೆಗಳ ವ್ಯಾಪಾರಗಳಿಂದ ಹೊಟ್ಟೆ ಹೊರೆಯುತ್ತಿದ್ದ ಜರ್ಮನ್ ಯೆಹೂದಿ ಸ್ಲೇಟರನು ಅಂಥದೊಂದು ಪದಕವನ್ನು ಗಿರವಿಯಿಟ್ಟಿದ್ದನೆಂಬ ಸುದ್ದಿಯಿಂದ ಪೊಲೀಸರು ಅವನ ಬೆನ್ನು ಹತ್ತಿದರು. ಆ ಪದಕವು ಕೊಲೆಗೆ ಮುಂಚೆಯೇ ಗಿರವಿಯಂಗಡಿ ಸೇರಿದ್ದಿತೆಂದು ಬೇಗನೆ ಸ್ಪಷ್ಟವಾದರೂ, ‘ಲುಸಿಟೇನಿಯಾ’ ಹಡಗಿನಲ್ಲಿ ಅಮೆರಿಕೆಗೆ ಹೊರಟಿದ್ದ ಅವನನ್ನು ನ್ಯೂಯಾರ್ಕಿನಲ್ಲಿ ಹಿಡಿದರು. ಅವನು ತಾನಾಗಿಯೇ ಒಪ್ಪಿ ವಿಚಾರಣೆಗೆ ಹಿಂದಿರುಗಿದನು. 1909ರ ಮೇ ತಿಂಗಳಲ್ಲಿ ಹದಿನೈದು ಜನ ಜ್ಯೂರಿಗಳಲ್ಲಿ ಒಂಬತ್ತು ಮಂದಿ ಅಪರಾಧಿಯೆಂದರು, ಐವರು ಆರೋಪ ರುಜುವಾತಾಗಿಲ್ಲವೆಂದರು, ಒಬ್ಬನು ನಿರ್ದೋಷಿಯೆಂದನು. ಮರಣದಂಡನೆಯು ಗಲ್ಲಿಗೆ ಎರಡು ದಿನ ಉಳಿದಿರುವಾಗ ಜೀವಾವಧಿ ಶಿಕ್ಷೆಯಾಯಿತು.

ಈ ಸಂಪುಟದ ವೈಶಿಷ್ಟ್ಯವೇನೆಂದರೆ, ತೀರ್ಪಿಗೆ ಪ್ರತಿಕೂಲವಾದ ಸಾಮಗ್ರಿಯೆಲ್ಲವೂ ತೀರ್ಪಿನ ಜೊತೆಯಲ್ಲಿಯೇ ಅದರಲ್ಲಿ ಉಳಿದುಬಂದಿತು. ಅದನ್ನು ಓದಿದ ಪತ್ತೇದಾರಿ ಕಥೆಗಾರ ಕಾನನ್ ಡಾಯ್ಲ್ 1912ರಲ್ಲಿ ಕಿರುಹೊತ್ತಗೆಯೊಂದನ್ನು ಬರೆದು, ಒಡವೆಗಾಗಿ ಬಂದವನು ಕಾಗದಪತ್ರಗಳ ಪೆಟ್ಟಿಗೆಯನ್ನು ಒಡೆದುದೇಕೆಂದು ಕೇಳಿದನು. 1927ರಲ್ಲಿ ಸ್ಲೇಟರನ ಬಿಡುಗಡೆಯಾಯಿತು. 1928ರಲ್ಲಿ ಶಿಕ್ಷೆ ರದ್ದಾಯಿತು. ರದ್ದತಿಯ ಕಾರಣವು ಮನನಯೋಗ್ಯವಾದುದು: ಇಂತಹ ದುರ್ನಡತೆಯವನಿಗೆ ಇತರರಂತೆ ನಿರ್ದೋಷಿಯೆಂಬ ಪೂರ್ವಭಾವನೆಯ ರಕ್ಷೆ ಸಲ್ಲದೆಂಬ ಅರ್ಥ ಬರುವಂತೆ ನ್ಯಾಯಾಧೀಶನು ಜ್ಯೂರಿಗಳಿಗೆ ಉಪದೇಶಿಸಿದ್ದನು.

ಕೊಲೆಯ ಲಕ್ಷಣಗಳಿಂದ ಕೊಲೆಗಾರನ ಸ್ವಭಾವವನ್ನು ಊಹಿಸುವ, ಮನಶ್ಚಿತ್ರಣವೆಂದು ಇಂದು ಪ್ರಸಿದ್ಧವಾದ ವಿದ್ಯೆಯ ಬಗೆಗೆ ನನಗಿರುವ ಅಳುಕಿನ ಮೂಲವೂ ಇದೇ. 1888ರ ವೈಟ್‌ಚಾಪೆಲ್ ಕೊಲೆಗಳ ಕುರಿತು ವೈದ್ಯ ಥಾಮಸ್ ಬಾಂಡನು ಬರೆದ ವರದಿಯಿಂದ, 1972ರಲ್ಲಿ ಅಮೆರಿಕದ ಎಫ್‌.ಬಿ.ಐ. ಸ್ಥಾಪಿಸಿದ ವರ್ತನಾವಿಜ್ಞಾನ ವಿಭಾಗದವರೆಗೆ ಬೆಳೆದ ಈ ವಿದ್ಯೆಯು, ಶೋಧದ ದಿಕ್ಕನ್ನು ಸೂಚಿಸಬಲ್ಲುದು. ಆದರೆ ಇಂಥ ಬಗೆಯ ಮನುಷ್ಯನೇ ಕೊಂದಿರಬೇಕೆಂಬ ಊಹೆಯು, ಈ ಮನುಷ್ಯನು ಕೊಂದನೆಂಬ ಸಾಕ್ಷ್ಯದ ಪೀಠವನ್ನು ಏರಲು ಬಹು ಬೇಗ ಹವಣಿಸುತ್ತದೆ. 1992ರಲ್ಲಿ ಲಂಡನ್ನಿನ ವಿಂಬಲ್ಡನ್ ಬಯಲಿನಲ್ಲಿ ನಡೆದ ಕೊಲೆಯಲ್ಲಿ, ಅಂಥ ಚಿತ್ರಣವನ್ನು ನಂಬಿ ಒಬ್ಬನಿಗೆ ಬಲೆ ಬೀಸಿ ಪಡೆದ ಸಾಕ್ಷ್ಯವನ್ನು 1994ರಲ್ಲಿ ನ್ಯಾಯಾಲಯವು ತಿರಸ್ಕರಿಸಿತು. 2008ರಲ್ಲಿ ಬೇರೊಬ್ಬನು ತಪ್ಪೊಪ್ಪಿಕೊಂಡನು.

ಊಹೆಯನ್ನು ಪಾಟೀಸವಾಲಿಗೆ ಒಳಪಡಿಸದ ಗ್ರಂಥವು ಎಷ್ಟೇ ಚತುರವಾಗಿದ್ದರೂ ಓದುಗನನ್ನು ಕೇವಲ ಶ್ರೋತೃವನ್ನಾಗಿ ಮಾಡುತ್ತದೆ; ವಿಚಾರಣೆಯ ಸಂಪುಟವಾದರೋ ಅವನನ್ನು ಹದಿನಾರನೆಯ ಜ್ಯೂರಿಯನ್ನಾಗಿ ಕೂರಿಸುತ್ತದೆ. ಆದಕಾರಣ ಹೊಸ ಓದುಗರು ಪೀಠಿಕೆಯನ್ನು ಕಡೆಗಿಟ್ಟು ಸಾಕ್ಷಿಗಳಿಂದಲೇ ಆರಂಭಿಸಿ, ತಮ್ಮ ಅಭಿಪ್ರಾಯವನ್ನು ಬರೆದಿಟ್ಟುಕೊಂಡ ಮೇಲೆ ತೀರ್ಪಿನ ಪುಟವನ್ನು ತೆರೆಯುವುದು ಲೇಸು.