ಹೆಸರಾಂತ ತುಣುಕುಗಳು

ಅಂಗೈಯಗಲದ ಬಟ್ಟೆಯನ್ನೂ ಕಾವ್ಯದಂತೆ ಓದಬಹುದೆಂದು ತೋರಿಸಿಕೊಟ್ಟವರು ಜಪಾನಿನ ಚಹಗೋಷ್ಠಿಯ ರಸಿಕರು. ಆ ಗೋಷ್ಠಿಯಲ್ಲಿ ಗಟ್ಟಿ ಚಹದ ಪುಡಿಯನ್ನಿಡುವ ಸಣ್ಣ ಮಣ್ಣಿನ ಭರಣಿಗೆ ‘ಚಾಯಿರೆ’ ಎಂದೂ, ಅದಕ್ಕೆ ತೊಡಿಸುವ ಚೀಲಕ್ಕೆ ‘ಷಿಫುಕು’ ಎಂದೂ ಹೆಸರು. ಪಾನವು ಮುಗಿದ ಮೇಲೆ ಅತಿಥಿಯು ಭರಣಿಯೊಡನೆ ಚೀಲವನ್ನೂ ನೋಡಬಯಸಿ, ಅದು ಯಾವ ಬಟ್ಟೆಯೆಂದು ಕೇಳುವುದು ಅಲ್ಲಿಯ ಶಿಷ್ಟಾಚಾರ.

ಇಂತಹ ಚೀಲಗಳಿಗೆ ಒದಗಿದ ಪ್ರಾಚೀನ ಬಟ್ಟೆಗಳಲ್ಲಿ ಅತಿಮಾನ್ಯವಾದವು ‘ಮೇಬುತ್ಸುಗಿರೆ’, ಎಂದರೆ ಹೆಸರಾಂತ ತುಣುಕುಗಳು. ಇವುಗಳಲ್ಲಿ ಬಹುಪಾಲು ಸುಂಗ್, ಯುವಾನ್, ಮಿಂಗ್ ಅರಸುಮನೆತನಗಳ ಕಾಲದ ಚೀನದಿಂದ ಕಡಲು ದಾಟಿ ಬಂದವು. ಬಂಗಾರದ ರೇಕು ಹಚ್ಚಿದ ಕಾಗದದ ಎಳೆಗಳನ್ನು ಸೇರಿಸಿ ನೆಯ್ದುದು ‘ಕಿನ್‌ರಾನ್’, ನೆಯ್ಗೆಯ ಹೊಳಪಿನಿಂದಲೇ ಚಿತ್ತಾರವು ಮೂಡುವುದು ‘ದೊನ್ಸು’, ಪಟ್ಟೆಪಟ್ಟೆಯಾದುದು ‘ಕಾಂತೊ’. ಸರಳತೆಯನ್ನೇ ವ್ರತವಾಗಿಸಿಕೊಂಡ ಚಹದ ಕೋಣೆಯಲ್ಲಿ ಬಂಗಾರಕ್ಕೇನು ಕೆಲಸವೆಂದು ಕೇಳಬಹುದು. ಆದರೆ ಆ ಮಂದವಾದ ಬೆಳಕಿನಲ್ಲಿ, ಕಂದು ಬಣ್ಣದ ಭರಣಿಯ ಮೇಲೆ, ಸವೆದ ಜರಿಯು ಮೆರೆಯುವುದಿಲ್ಲ, ಮಿನುಗಿ ಸುಮ್ಮನಾಗುತ್ತದೆ. ಇಲ್ಲಿ ವೈಭವವೇ ವಿನಯವನ್ನು ಕಲಿತಿದೆ.

ದೊಡ್ಡ ಬಟ್ಟೆಯನ್ನು ಕತ್ತರಿಸಿ ತುಣುಕು ಮಾಡುವುದು ಪ್ರೀತಿಯೇ, ಹಿಂಸೆಯೇ? ಈ ಆಕ್ಷೇಪವು ಸಹಜವಾದುದು. ಇಡಿಯ ಬಟ್ಟೆಯ ವಿನ್ಯಾಸವು ಅದರಿಂದ ಕೆಟ್ಟಿತೆಂಬುದು ನಿಜ. ಆದರೂ ಉಟ್ಟು ಹರಿದುಹೋಗಬಹುದಾಗಿದ್ದುದು ಚೀಲವಾಗಿ, ತುಣುಕುಗಳನ್ನು ಅಂಟಿಸಿಟ್ಟ ಸಂಪುಟದ ಪುಟವಾಗಿ ಉಳಿಯಿತು. ಮಾತ್ಸುಯೆಯ ಪ್ರಭು ಮಾತ್ಸುದೈರ ಫುಮೈ (1751–1818) ರಚಿಸಿದ ‘ಕೊಕೊನ್ ಮೇಬುತ್ಸು ರುಯಿಜು’ ಎಂಬ ಸಚಿತ್ರ ಗ್ರಂಥವು ಭರಣಿ ಬಟ್ಟಲುಗಳೊಡನೆ ಈ ಬಟ್ಟೆಗಳನ್ನೂ ವರ್ಗೀಕರಿಸಿ, ಅವುಗಳಿಗೆ ಶಾಸ್ತ್ರದ ಮರ್ಯಾದೆಯನ್ನು ತಂದಿತು.

ಈ ಕಥೆಯಲ್ಲಿ ಭರತಖಂಡಕ್ಕೂ ಪಾಲಿದೆ. ಪೋರ್ಚುಗೀಸರೂ ಅವರ ತರುವಾಯ ಡಚ್ಚರೂ ಹಡಗಿನಲ್ಲಿ ಒಯ್ದ ನಮ್ಮ ಚಿತ್ರದ ಹತ್ತಿಬಟ್ಟೆಯು ಅಲ್ಲಿ ‘ಸರಸ’ ಎನ್ನಿಸಿಕೊಂಡಿತು. ಪಟಿಕದಿಂದ ಹಿಡಿಸಿದ ಬೇರಿನ ಕೆಂಪು, ಒಗೆದರೂ ಬಿಡದ ನೀಲಿ ಇವು ಅಲ್ಲಿಯವರಿಗೆ ವಿಸ್ಮಯವಾಗಿದ್ದವು. 1778ರಲ್ಲಿ ಸರಸದ ಮಾದರಿಗಳ ಪುಸ್ತಕವೇ ಅಚ್ಚಾಯಿತು. ಹಿಕೊನೆಯ ಇಯಿ ಪ್ರಭುಮನೆತನವು ಕಾಪಾಡಿದ ಸುಮಾರು 450 ತುಣುಕುಗಳು ಈಗ ಟೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ಇಂದಿನ ಚೆನ್ನೈ ನಗರದೊಳಗಣ ಸಾಂತೋಮೆಯು ಒಂದು ಬಗೆಯ ಪಟ್ಟೆಬಟ್ಟೆಗೆ ತನ್ನ ಹೆಸರನ್ನೇ ಕೊಟ್ಟಿದೆ.

ಇಷ್ಟು ಸೂಕ್ಷ್ಮವಾದ ರಸಿಕತೆಯಲ್ಲಿಯೂ ಒಂದು ಕೊರತೆಯುಂಟು. ಬಟ್ಟೆಗಳ ಹೆಸರುಗಳನ್ನು ನೋಡಿದರೆ ಅದು ತಾನಾಗಿ ತೋರುತ್ತದೆ. ಒಂದು ದೊನ್ಸುವಿಗೆ ಚಹದ ಆಚಾರ್ಯ ಜುಕೊವಿನ ಹೆಸರು; ಮತ್ತೊಂದಕ್ಕೆ ಎನ್‌ಷುವಿನ ಹೆಸರು; ಉಳಿದವುಗಳಿಗೆ ದೇವಾಲಯದ, ಬಂದರಿನ, ಚಿತ್ತಾರದ ಹೆಸರು. ಮೆಚ್ಚಿದವನ ಹೆಸರುಂಟು, ಇಟ್ಟುಕೊಂಡವನ ಹೆಸರುಂಟು; ಮಗ್ಗದ ಮುಂದೆ ಕುಳಿತವನ, ಬಣ್ಣದ ಬಾನಿಯಲ್ಲಿ ಕೈಯದ್ದಿದವನ ಹೆಸರು ಮಾತ್ರ ಇಲ್ಲ. ಅತಿಥಿಯು ‘ಇದು ಯಾವ ಬಟ್ಟೆ’ ಎಂದು ಕೇಳುವಾಗ, ‘ಇದು ಯಾರ ಕೈಯ ಕೆಲಸ’ ಎಂಬ ಪ್ರಶ್ನೆಯೂ ಅದರೊಡನೆ ಹುಟ್ಟಬೇಕು. ಉತ್ತರವು ದೊರೆಯದಿರಬಹುದು, ಆ ಪ್ರಶ್ನೆಯಿಲ್ಲದ ಮೆಚ್ಚುಗೆಯು ಮಾತ್ರ ಅರ್ಧ ಮೆಚ್ಚುಗೆಯೇ ಸರಿ.