ಹೊರಗುಳಿಯುವ ಹಕ್ಕು, ಒಳಬರುವ ಹಕ್ಕು

ಕ್ರೈಸ್ತ ಪಂಥದವರಾದ ಆದಿ ಬ್ಯಾಪ್ಟಿಸ್ಟರು ಧರ್ಮಸ್ವಾತಂತ್ರ್ಯದ ಪರವಾಗಿ ಹೂಡಿದ ವಾದದ ಬೇರು ದೀಕ್ಷಾಸ್ನಾನದ ಬಗೆಗಿನ ಅವರ ನಿಲುವಿನಲ್ಲಿದೆ. ಹಸುಗೂಸಿಗೆ ದೀಕ್ಷಾಸ್ನಾನ ಮಾಡಿಸುವುದನ್ನು ಒಪ್ಪದೆ, ತಿಳಿವು ಬಂದು ತಾನಾಗಿ ನಂಬಿದವರಿಗೆ ಮಾತ್ರ ಅದು ಸಲ್ಲಬೇಕೆಂಬ ನಿಲುವಿನ ಮೇಲೆ ಜಾನ್ ಸ್ಮಿತ್ ಮತ್ತು ಥಾಮಸ್ ಹೆಲ್ವಿಸ್ 1609ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ತಮ್ಮ ಸಭೆಯನ್ನು ಕಟ್ಟಿದರು. ನಂಬಿಕೆ ಹುಟ್ಟಿನಿಂದ ಬರುವುದಲ್ಲವೆಂದ ಮೇಲೆ ಅರಸನ ಅಪ್ಪಣೆಯಿಂದಲೂ ಬರಲಾರದು. 1612ರ ತನ್ನ ಪುಸ್ತಕದಲ್ಲಿ ಹೆಲ್ವಿಸ್, ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸನಿಗೆ ಪ್ರಜೆಗಳ ಆತ್ಮದ ಮೇಲೆ ಅಧಿಕಾರವಿಲ್ಲವೆಂದು ವಾದಿಸಿ, ಆ ರಕ್ಷಣೆಯನ್ನು ಯೆಹೂದ್ಯರಿಗೂ ಮುಸ್ಲಿಮರಿಗೂ ಪಾಷಂಡಿಗಳೆನಿಸಿಕೊಂಡವರಿಗೂ ಚಾಚಿದನು. ಕೊನೆಗೆ ಲಂಡನ್ನಿನ ನ್ಯೂಗೇಟ್ ಸೆರೆಮನೆ ಸೇರಿದನು. ತನಗೆ ತಪ್ಪೆಂದು ತೋರಿದ ನಂಬಿಕೆಯವರ ಪರವಾಗಿಯೂ ಮಾತಾಡಿದ್ದು ಈ ವಾದದ ನಿಜವಾದ ಹಿರಿಮೆ.

ಹಾವೇರಿ ಸೀಮೆಯ ಪರಂಪರೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ ಎರಡರ ಬಲವೂ ಕೊರತೆಯೂ ಕಾಣತೊಡಗುತ್ತವೆ. ರಾಣೆಬೆನ್ನೂರು ತಾಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಚೌಡದಾನಪುರವು ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನ ಹೆಸರಿನೊಡನೆ ಬೆಸೆದುಕೊಂಡ ಊರು. ವಚನದ ಕೊನೆಯಲ್ಲಿ ಬರುವ ಮುದ್ರಿಕೆಯಾದ ಅಂಕಿತಕ್ಕೆ ಬಹುಪಾಲು ಶರಣರು ಇಷ್ಟದೈವದ ಹೆಸರನ್ನು ಬಳಸಿದರೆ, ಚೌಡಯ್ಯ ತನ್ನ ಹೆಸರನ್ನೇ ಇಟ್ಟನು. ಇದನ್ನು ಬರಿಯ ಶೈಲಿಯ ವಿಶೇಷವೆಂದು ಕೈಬಿಡಲಾಗದು. ದೋಣಿ ನಡೆಸುವ ಅಂಬಿಗನು ಆಡಿದ ಮಾತಿಗೆ ತಾನೇ ಸಾಕ್ಷಿಯಾಗಿ ನಿಲ್ಲುವ ಧೈರ್ಯ ಅದರಲ್ಲಿದೆ. ಪೂಜಾರಿಯ ನೆರವಿಲ್ಲದೆ, ಗುಡಿಯ ಹಂಗಿಲ್ಲದೆ ಮೈಮೇಲೆ ಧರಿಸಿ ತಾನೇ ಪೂಜಿಸುವ ಇಷ್ಟಲಿಂಗವೂ ಹುಟ್ಟಿನ ಬದಲು ದೀಕ್ಷೆಯನ್ನೇ ಮುಂದಿಟ್ಟ ಕುರುಹು. ಆದರೆ ಮುಂದೆ ಹಸುಗೂಸಿಗೇ ಲಿಂಗ ಕಟ್ಟುವ ರೂಢಿ ಬೆಳೆದು, ದೀಕ್ಷೆ ಮತ್ತೆ ಹುಟ್ಟಿನ ಬೆನ್ನು ಹತ್ತಿತು. ಬ್ಯಾಪ್ಟಿಸ್ಟರು ಬಿಡದೆ ಹಿಡಿದ ಎಳೆಯನ್ನು ಶರಣರ ವಾರಸುದಾರರು ಸಡಿಲಿಸಿದ್ದು ಇಲ್ಲಿಯೇ.

ಬ್ಯಾಡಗಿ ತಾಲೂಕಿನ ಕಾಗಿನೆಲೆ ಬೇರೊಂದು ಪ್ರಶ್ನೆಯನ್ನು ಎತ್ತುತ್ತದೆ. ಕಾಗಿನೆಲೆಯಾದಿಕೇಶವನ ಅಂಕಿತದಲ್ಲಿ ಹಾಡಿದ ಕನಕದಾಸರಿಗೆ ಅಡ್ಡವಾಗಿದ್ದದ್ದು ಅರಸನಲ್ಲ, ಕುಲ. ‘ರಾಮಧಾನ್ಯ ಚರಿತೆ’ಯಲ್ಲಿ ಬತ್ತ ರಾಗಿಗಳೆರಡೂ ಆರು ತಿಂಗಳು ಸೆರೆಯಲ್ಲಿದ್ದು, ಕೆಡದೆ ಉಳಿದ ರಾಗಿಯೇ ಮನ್ನಣೆ ಪಡೆಯುತ್ತದೆ. ಕುಲದ ಹಿರಿಮೆಯನ್ನು ಸತ್ವದ ಒರೆಗೆ ಹಚ್ಚುವ ಈ ಕಥೆಯಂಥ ಮಾತು ಹೆಲ್ವಿಸನಲ್ಲಿ ಇಲ್ಲ. ರಾಜ್ಯದ ಚರ್ಚಿನಿಂದ ಹೊರಗುಳಿಯುವ ಹಕ್ಕನ್ನು ಅವನು ಬೇಡಿದನು. ಬಹಿಷ್ಕಾರವೇ ಶಿಕ್ಷೆಯಾಗಿದ್ದ ಸಮಾಜದಲ್ಲಿ ಹೊರಗುಳಿಯುವುದನ್ನು ಬಿಡುಗಡೆಯೆನ್ನಲು ಬರುವುದಿಲ್ಲ, ಅಲ್ಲಿ ಒಳಬರುವುದೇ ಆತ್ಮಸಾಕ್ಷಿಯ ಬೇಡಿಕೆ. ಇಷ್ಟಾದರೂ ದಾಸರ ಪರಂಪರೆ ಈ ಬೇಡಿಕೆಯನ್ನು ಅಧಿಕಾರದ ಮುಂದೆ ಹಕ್ಕಾಗಿ ಮಂಡಿಸಲಿಲ್ಲ. ಗುಡಿಯೊಳಗೆ ಬಿಡದ ಕನಕರಿಗೆ ಕೃಷ್ಣ ಗೋಡೆಯ ಕಿಂಡಿಯಿಂದ ದರ್ಶನ ಕೊಟ್ಟನೆಂಬ ಉಡುಪಿಯ ಐತಿಹ್ಯವನ್ನು ಕೊಂಡಾಡಿದಷ್ಟು ಗಟ್ಟಿಯಾಗಿ ಬಾಗಿಲಿನ ಪ್ರಶ್ನೆಯನ್ನು ಭಕ್ತರು ಕೇಳಲಿಲ್ಲವೆಂಬುದು ನೋವಿನ ಸಂಗತಿ.

ಭಾರತದ ಸಂವಿಧಾನದ 25ನೆಯ ಅನುಚ್ಛೇದದಲ್ಲಿ ಎರಡು ವಾದಗಳೂ ಕೂಡಿವೆ. ಅದರ ಮೊದಲ ಭಾಗ ಎಲ್ಲ ವ್ಯಕ್ತಿಗಳಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಕೊಟ್ಟರೆ, ಎರಡನೆಯ ಭಾಗ ಹಿಂದೂಗಳ ಸಾರ್ವಜನಿಕ ಧಾರ್ಮಿಕ ಸಂಸ್ಥೆಗಳನ್ನು ಎಲ್ಲ ವರ್ಗದ ಹಿಂದೂಗಳಿಗೆ ತೆರೆಯುವ ಕಾನೂನಿಗೆ ಎಡೆ ಮಾಡುತ್ತದೆ. ಗುಡಿಯ ಹೊಸ್ತಿಲಲ್ಲಿ ಸರ್ಕಾರ ನಿಲ್ಲುವುದನ್ನು ಹೆಲ್ವಿಸ್ ಒಪ್ಪುತ್ತಿದ್ದನೆನ್ನುವುದು ಕಷ್ಟ; ಕಾಗಿನೆಲೆಯ ಕಡೆಯಿಂದ ನೋಡಿದವರಿಗೆ ಅದು ಅನಿವಾರ್ಯ. ಆದರೆ ಬಾಗಿಲು ತೆರೆಸುವ ಅಧಿಕಾರ ಬೇರೆ, ಮನಸ್ಸನ್ನು ವಿಚಾರಿಸುವ ಅಧಿಕಾರ ಬೇರೆ. ಬಲವಂತದ ಮತಾಂತರವನ್ನು ತಡೆಯಲೆಂದು ಬಂದ ಕರ್ನಾಟಕದ 2022ರ ಕಾಯ್ದೆ, ಮತಾಂತರಗೊಳ್ಳಬಯಸುವವರು 30 ದಿನ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗೆ ಘೋಷಣೆ ಸಲ್ಲಿಸಬೇಕೆಂದು ವಿಧಿಸಿತು. ಬಲವಂತವನ್ನು ತಡೆಯುವ ಉದ್ದೇಶವನ್ನು ಹೆಲ್ವಿಸ್ ಮನಸಾರೆ ಒಪ್ಪಬಹುದಾಗಿತ್ತು. ನಂಬುವ ಮೊದಲು ಅಧಿಕಾರಿಗೆ ತಿಳಿಸಬೇಕೆಂಬ ವಿಧಿಯೊಡನೆ ಮಾತ್ರ 1612ರ ಅವನ ಪ್ರಶ್ನೆ ಹಾವೇರಿಯ ಜಿಲ್ಲಾಧಿಕಾರಿ ಕಚೇರಿಯ ಮೇಜಿನ ಮೇಲೆ ಬಂದು ಕೂರುತ್ತದೆ.